ಮಣ್ಣು ಕೆದಕಬೇಡಿ

ಖಚ್... ಖಚ್...

ಸರಿರಾತ್ರಿಯಲ್ಲಿ ಹಿತ್ತಲಿನಿಂದ ಬಂದ ಆ ಸದ್ದಿಗೆ, ದೊಡ್ಡಮ್ಮನ ಮನೆಯಲ್ಲಿ ಒಬ್ಬಳೇ ಮಲಗಿದ್ದ ಅವಳಿಗೆ ಎಚ್ಚರವಾಯಿತು. ಟಾರ್ಚ್ ಹಿಡಿದು ಹೊರಬಂದಳು. ಯಾರೋ ಒಬ್ಬ ಮಂಡಿಯೂರಿ ಕೂತು ದೊಡ್ಡಮ್ಮನ ಜೆರೇನಿಯಂ ಗಿಡಗಳನ್ನು ಬುಡಮಟ್ಟ ಕತ್ತರಿಸುತ್ತಿದ್ದ!

"ಯಾರ್ರೀ ನೀವು?"

"ಪಕ್ಕದ್ಮನೆಯವನು. ಬಸ್ ಡ್ರೈವರ್. ನಂಗೆ ಡ್ಯೂಟಿ ಮುಗಿಯೋದೇ ಈ ಹೊತ್ತಿಗೆ. ಹೂ ಮುಗೀತು, ಬುಡಕ್ಕೆ ಕತ್ತರಿಸಿಬಿಡು ಅಂತ ನಿಮ್ಮ ದೊಡ್ಡಮ್ಮಾನೇ ಆಸ್ಪತ್ರೆಯಿಂದ ಫೋನ್ ಮಾಡಿದ್ರು."

"ಇದು ಕತ್ತರಿಸೋದಲ್ಲ, ಕೊಲ್ಲೋದು!"

"ವರ್ಷ ವರ್ಷ ಬರೋ ಗಿಡ ಮೇಡಂ. ಜೀವ ಬೇರಲ್ಲಿರುತ್ತೆ. ನೀರು ಹಾಕಿ, ಸುಮ್ಮನಿರಿ." ಅವನು ನಕ್ಕ. "ಆ ಸುಮ್ಮನಿರೋದೇ ಕಷ್ಟ."

ಆ ನಗು ಅವಳಿಗೆ ಹಿಡಿಸಲಿಲ್ಲ. ಆದರೂ ಬೆಳಗಿನವರೆಗೆ ಕಣ್ಣ ಮುಂದೆಯೇ ಇತ್ತು.

ಕಾಲು ಮುರಿದುಕೊಂಡು ಆಸ್ಪತ್ರೆಗೆ ಹೊರಟಾಗ ದೊಡ್ಡಮ್ಮ ಹೇಳಿದ್ದು ಒಂದೇ ಮಾತು. "ನಿಮ್ಮ ದೊಡ್ಡಪ್ಪ ಇದ್ದಾಗ ನೆಟ್ಟಿದ್ದು ಕಣೇ. ನಾನು ಬರೋವರೆಗೂ ನೋಡ್ಕೋ."

ಮಾರನೇ ಬೆಳಿಗ್ಗೆ ಬೆರಳಿನಿಂದ ಮಣ್ಣು ಸರಿಸಿ ನೋಡಿದಳು. ಏನೂ ಇಲ್ಲ. ಸಂಜೆ ಮತ್ತೆ. ಮರುದಿನ ಮತ್ತೆ. 'ಸತ್ತೇ ಹೋಯಿತಾ? ದೊಡ್ಡಮ್ಮನಿಗೆ ಯಾವ ಮುಖ ತೋರಿಸಲಿ?'

"ಇನ್ನೂ ಕೋಪಾನಾ ಮೇಡಂ?" ಎಂದು ಬೇಲಿಯಾಚೆಯಿಂದ ಅವನು ಕೇಳುತ್ತಿದ್ದ.

"ಗಿಡ ಬರಲಿ, ಆಮೇಲೆ ಮಾತು!"

ಹೀಗೇ ಕೆಲವು ವಾರ ಕಳೆದವು. ನಾಳೆ ದೊಡ್ಡಮ್ಮ ಮನೆಗೆ ಬರುತ್ತಾರೆಂದು ತಿಳಿದ ದಿನ ಅವಳೇ ಅವನನ್ನು ಕೂಗಿದಳು.

"ಬನ್ನಿ! ಬಂದು ನೋಡಿ ನಿಮ್ಮ ಘನಕಾರ್ಯ!"

ಅವನು ಬಗ್ಗಿ ನೋಡಿದ. ಸಡಿಲವಾದ ಮಣ್ಣು. ಅದರೊಳಗೆ ಸೂಜಿಮೊನೆಯಷ್ಟು ಸಣ್ಣ, ಮುರಿದು ಒಣಗಿದ ಎಳೆ ಮೊಳಕೆಗಳು. ಅವಳ ಕೈಗೆ ಎಟುಕದ ಗೋಡೆಮೂಲೆಯ ಗಿಡವೊಂದು ಮಾತ್ರ ಸೊಂಪಾಗಿ ಚಿಗುರಿತ್ತು.

"ದಿನಾ ಕೆದಕಿ ನೋಡ್ತಿದ್ರಾ?" ಮೆಲ್ಲಗೆ ಕೇಳಿದ.

ಅವಳಿಗೆ ಅರ್ಥವಾಯಿತು. ಮುರಿದ ಮೊಳಕೆಯೊಂದನ್ನು ಅಂಗೈಗೆ ಎತ್ತಿಕೊಂಡಳು.

"ನಾನೇ... ನಾನೇ ಮುರಿದು ಹಾಕಿದ್ನಾ?"

ಅವನು ಬೈಯಲಿಲ್ಲ, ನಗಲೂ ಇಲ್ಲ. ತನ್ನ ಹಿತ್ತಲಿಗೆ ಹೋಗಿ, ಅಲ್ಲಿ ಚಿಗುರಿದ್ದ ಜೆರೇನಿಯಂ ಬುಡಗಳನ್ನು ಮಣ್ಣಿನ ಸಮೇತ ಬುಟ್ಟಿಯಲ್ಲಿ ತಂದ.

"ಅಳಬೇಡಿ. ದೊಡ್ಡಮ್ಮಾನೇ ಹಿಂದೆ ಇಲ್ಲಿನ ಬುಡ ಸೀಳಿ ನಂಗೆ ಕೊಟ್ಟಿದ್ದು. ಈಗ ತವರಿಗೆ ಬಂದಿದೆ, ಅಷ್ಟೇ. ನಿಮ್ಮವನ್ನ ನನ್ನ ಕಡೆ ನೆಡ್ತೀನಿ. ಬೇರು ಗಟ್ಟಿಯಿದೆ, ತಡವಾಗಿಯಾದ್ರೂ ಬರುತ್ತೆ."

ಕತ್ತಲಾಗುವವರೆಗೂ ಇಬ್ಬರೂ ಅಗೆದರು, ನೆಟ್ಟರು, ನೀರು ಹಾಕಿದರು.

"ನಿಮ್ಮ ಕಡೆ ಈಗ ಬರೀ ಮಣ್ಣು..." ಎಂದಳು.

"ಚಿಗುರೋದನ್ನ ನೋಡೋಕೆ ದಿನಾ ಬರ್ತೀರಾ?"

"ಬಂದ್ರೆ ಕೆದಕಿಬಿಡ್ತೀನಿ. ನಂಗೆ ಇಷ್ಟವಾದದ್ದು ಇದೆಯೋ ಇಲ್ವೋ ಅಂತ ನೋಡ್ತಾನೇ ಇರಬೇಕು... ಅದೇ ನನ್ನ ರೋಗ."

"ಮಣ್ಣು ಬೇಡ. ನನ್ನನ್ನ ಕೆದಕಿ ನೋಡಿ." ಅವನು ಕೈ ಮುಂದೆ ಚಾಚಿದ. "ಎಷ್ಟು ಸಲ ಬೇಕಾದ್ರೂ. ಇದ್ದೇ ಇರ್ತೀನಿ."

ಮಣ್ಣು ಮೆತ್ತಿದ ಅವನ ಕೈಯನ್ನು ಅವಳು ಹಿಡಿದುಕೊಂಡಳು.

ಮರುದಿನ ದೊಡ್ಡಮ್ಮ ಕೋಲೂರಿಕೊಂಡು ಹಿತ್ತಲಿಗೆ ಬಂದರು. ಎಲೆಗಳನ್ನು ಸವರಿದರು, ಕಣ್ಣೊರೆಸಿಕೊಂಡರು.

"ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀಯೇ! ಏನು ಮಾಡ್ದೆ?"

ಬೇಲಿಯಾಚೆ ಯಾರೋ ಕೆಮ್ಮಿದರು.

ನಿಜ ಅವಳ ನಾಲಿಗೆಯ ತುದಿಯವರೆಗೂ ಬಂತು. ಆದರೆ ದೊಡ್ಡಮ್ಮನ ಮುಖ ನೋಡಿದಳು. ಇಲ್ಲ, ಇದನ್ನು ಯಾರಿಗೂ ಹೇಳುವುದಿಲ್ಲ, ಎಂದೆಂದಿಗೂ.

"ಸುಮ್ಮನಿದ್ದೆ ದೊಡ್ಡಮ್ಮ" ಎಂದು, ಉಗುರಿನ ಮಣ್ಣು ಕಾಣದಂತೆ ಕೈ ಹಿಂದಕ್ಕೆ ಕಟ್ಟಿಕೊಂಡಳು.