ಆಟದ ಪೆಟ್ಟಿಗೆಯ ನೀಲಿ ಹಾಳೆ

ಅಂಗಡಿ ಬಾಗಿಲು ತೆರೆದ ಕೋಮಲ ಹೊಸ್ತಿಲಲ್ಲೇ ನಿಂತುಬಿಟ್ಟಳು. ಆಟದ ಪೆಟ್ಟಿಗೆ ಇಟ್ಟಲ್ಲೇ ಇತ್ತು. ಆದರೆ ಅದರ ಮುಖ ಬೋಳಾಗಿತ್ತು. ಪರದೆಯ ಮೇಲಿದ್ದ ನೀಲಿ ಪ್ಲಾಸ್ಟಿಕ್ ಹಾಳೆ ಮಾಯ!

ಬಿಚ್ಚಿದ ಸ್ಕ್ರೂಗಳು ಮೇಜಿನ ಮೇಲಿದ್ದವು. ಬೀಗ ಒಡೆದಿರಲಿಲ್ಲ. ಪಕ್ಕದಲ್ಲಿದ್ದ ಟೇಪ್ ರೆಕಾರ್ಡರನ್ನು ಯಾರೂ ಮುಟ್ಟಿರಲಿಲ್ಲ. ಹಾಳೆಯೊಂದನ್ನೇ ಒಯ್ಯುವ ಕಳ್ಳನೆ?

ಕೋಮಲ ಕೊಳ್ಳೇಗಾಲದಲ್ಲಿ ಟೀವಿ ರಿಪೇರಿ ಮಾಡುವವಳು. ೧೯೯೬ರ ಆ ಬೇಸಿಗೆಯಲ್ಲಿ ಹಳೆಯ ಕಲರ್ ಟೀವಿಗೆ ಕಾರ್ ರೇಸಿನ ವಿಡಿಯೊ ಗೇಮ್ ಜೋಡಿಸಿ, ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿದ್ದಳು. "ಹೆಂಗಸು ಮಾಡಿದ ಮೆಷಿನ್ನಾ?" ಎಂದು ನಕ್ಕವರೇ ಹೆಚ್ಚು. ಬಸ್ ಸ್ಟ್ಯಾಂಡ್ ಎದುರಿನ ಬೇಕರಿಯ ಶಿವರುದ್ರಸ್ವಾಮಿ ಮಾತ್ರ ಜಾಗ ಕೊಡಲು ಒಪ್ಪಿದ್ದರು. ಷರತ್ತು ಒಂದೇ: ಇಂದು ಸಂಜೆಯೊಳಗೆ ತಂದಿಡಬೇಕು. ಇಲ್ಲವಾದರೆ ಮೈಸೂರಿನವರ ಪೆಟ್ಟಿಗೆ ಬರುತ್ತದೆ.

ಹಾಳೆಯಿಲ್ಲದೆ ಒಯ್ಯುವಂತಿರಲಿಲ್ಲ. ಬೋಳು ಗಾಜನ್ನು ಮಕ್ಕಳು ಕುಟ್ಟಿಯಾರು. ಬದಲಿ ಹಾಳೆ ಬೇಕೆಂದರೆ ಮೈಸೂರಿಗೇ ಹೋಗಬೇಕು. ಕೈಯಲ್ಲಿದ್ದದ್ದು ಬಣ್ಣ ಆರಿಸಲು ತಂದ ಅಂಗೈಯಗಲದ ಮೂರು ತುಂಡುಗಳು — ಕಂದು, ನೀಲಿ, ಹೊಗೆಬಣ್ಣ.

ಕಿಟಕಿ ಸಂದಿಯಲ್ಲಿ ಬೀಗದ ಕೈ ಇಡುವುದು ಯಾರಿಗೆ ಗೊತ್ತು? ಅಣ್ಣ ಪ್ರಭುಸ್ವಾಮಿಗೆ. ಪೆಟ್ಟಿಗೆ ಮಾಡಿದ ಬಡಗಿ ಪುಟ್ಟಬಸಪ್ಪನಿಗೆ. ನಿನ್ನೆ ಸಂಜೆ ಶಿವರುದ್ರಸ್ವಾಮಿಯವರ ಎದುರಿಗೇ ಇಟ್ಟಿದ್ದಳು. ಮೂವರೇ.

ಕೇಳಿದ್ದಕ್ಕೆ ಅಣ್ಣನಿಗೆ ಕೋಪ ಬಂತು. "ಈ ಆಟದ ಉಚ್ಚು ಬುಡು ಅಂದಿದ್ದು ನಿಜ ಕಣವ್ವ. ಅಂಗಂತ ನಿನ್ನ ಅಳುಸ್ತೀನಾ? ಬೆಳಿಗ್ಗೆಯಿಂದ ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿದ್ದೆ, ಯಾರ್ನಾದ್ರೂ ಕೇಳು."

ಪುಟ್ಟಬಸಪ್ಪ ಮುಖ ಗಂಟಿಕ್ಕಿದ. ನಿನ್ನೆ ಜಗಳವಾಡಿದವನೂ ಅವನೇ. "ನನ್ನ ಪಾಲಿಶ್‌ಗೆ ಕಂದೇ ಒಪ್ಪೋದು ಅಂದೆ. ನೀವು ಆ ಸ್ವಾಮ್ಯೋರ ಮಾತು ಕೇಳಿ ನೀಲಿ ಹಾಕುದ್ರಿ. ಆದ್ರೆ ನಾನು ಮಾಡಿದ ಪೆಟ್ಟಿಗೇನ ನಾನೇ ಕೆಡುಸ್ತೀನಾ, ಏಳವ್ವ?"

ಕೋಮಲ ತಲೆ ತಗ್ಗಿಸಿದಳು. ನೀಲಿ ಬೇಕೆಂದದ್ದು ಶಿವರುದ್ರಸ್ವಾಮಿ; ಬೇಕರಿಯ ಬೋರ್ಡಿಗೆ ಹೊಂದುತ್ತದೆಂದು. ನಿನ್ನೆ ಸಂಜೆ ಹಾಳೆ ಕೂರಿಸಿದ ಮೇಲೆಯೇ ಅವರು ಮೊದಲ ಸಲ ಆಟ ನೋಡಿದ್ದು. "ಕರೀ ಕಾರು ಬೋ ಗತ್ತಾಗಿ ಅದೆ. ಆದ್ರೂ ಇವೆಲ್ಲ ಕೆಲ್ಸ ಇಲ್ದೋರ ಆಟ," ಎಂದು ಮುಖ ಸಿಂಡರಿಸಿ ಹೋಗಿದ್ದರು.

ಕೋಮಲ ಬೇಕರಿಗೆ ಹೋಗಿ ವಿಷಯ ತಿಳಿಸಿದಾಗ ಅವರು ಬನ್ ಜೋಡಿಸುತ್ತಿದ್ದರು.

"ಓಯ್ತಾ? ಛೆ! ಯಾರವ್ವ ಅಂಗ್ ಮಾಡ್ದೋರು?"

"ನಿಮಗೆ ಯಾರ ಮೇಲೆ ಅನುಮಾನ, ಸ್ವಾಮ್ಯೋರೇ?"

"ನಂಗೇನ್ ಗೊತ್ತು? ಓಗ್ಲಿ, ಇನ್ನೆರಡು ದಿನ ಟೈಮ್ ತಕೊ. ಆ ಕೆಂಪು ಕಾರು ಸೇತುವೆ ತಿರುವಲ್ಲಿ ನೀರಿಗೆ ಬೀಳ್ತದಲ್ಲ — ಅದ ದಾಟಕ್ಕೇ ಜನ ಮುಗಿಬೀಳ್ತಾರೆ."

ಕೋಮಲ ನಿಟ್ಟುಸಿರಿಟ್ಟು ಹಿಂತಿರುಗಿದಳು. ದಾರಿಯಲ್ಲಿ ಏನೋ ಕೊರೆಯುತ್ತಿತ್ತು. ಅಂಗಡಿಗೆ ಬಂದವಳೇ ಆಟ ಹಚ್ಚಿ, ನೀಲಿ ತುಂಡನ್ನು ಗಾಜಿಗೆ ಹಿಡಿದಳು. ತೆಗೆದಳು. ಮತ್ತೆ ಹಿಡಿದಳು. ಕೂಡಲೇ ಎಲ್ಲರಿಗೂ ಹೇಳಿಕಳಿಸಿದಳು.

ಸ್ವಲ್ಪ ಹೊತ್ತಿಗೆ ಮೂವರೂ ಪೆಟ್ಟಿಗೆಯ ಮುಂದೆ ನಿಂತಿದ್ದರು.

"ಕಾರು ಯಾವ ಬಣ್ಣ, ಅಣ್ಣ?"

"ಕೆಂಪು."

ಅವಳು ನೀಲಿ ತುಂಡನ್ನು ಅಡ್ಡ ಹಿಡಿದಳು. "ಈಗ?"

"ಕಪ್ಪು!" ಪುಟ್ಟಬಸಪ್ಪನೇ ಕೂಗಿದ.

"ದಟ್ಟ ನೀಲಿ ಹಾಳೆ ಕೆಂಪು ಬೆಳಕನ್ನು ಆಚೆಗೆ ಬಿಡೋದಿಲ್ಲ. ಅಣ್ಣ, ಬಸಪ್ಪಣ್ಣ ಇಬ್ಬರೂ ಹಾಳೆ ಹಾಕೋ ಮೊದಲೇ ಆಟ ನೋಡಿದ್ರು. ಸ್ವಾಮ್ಯೋರೇ, ನೀವು ನೋಡಿದ್ದು ಕರೀ ಕಾರು. ಹಾಗಂತ ನಿನ್ನೆ ನೀವೇ ಅಂದ್ರಿ. ಇವತ್ತು ಅದು ಕೆಂಪಾಗಿದ್ದು ಹೇಗೆ? ನಾನು ದಿನಾ ಕೆಂಪನ್ನೇ ನೋಡೋಳು, ಅದಕ್ಕೇ ಬೇಕರೀಲಿ ನಿಮ್ಮ ಮಾತು ತಕ್ಷಣ ವಿಚಿತ್ರ ಅನ್ನಿಸಲಿಲ್ಲ. ಹಾಳೆ ಬಿಚ್ಚಿದವರು ನೀವೇ!"

ಶಿವರುದ್ರಸ್ವಾಮಿಯವರ ಮುಖ ಬಿಳಿಚಿತು. ಹೆಗಲ ಟವೆಲಿನಿಂದ ಬೆವರು ಒರೆಸಿಕೊಂಡರು.

"ಕದಿಯಕ್ಕೆ ಬರ್ಲಿಲ್ಲ ಕಣವ್ವ. ನೆನ್ನೆ ಆ ಕಾರು ಓಡಿದ್ದೇ ಕಣ್ಣಲ್ಲಿತ್ತು. ಬೆಳಕರಿಯುತ್ಲೇ ಯಾರೂ ಇಲ್ದಾಗ ಒಂದಾಟ ಆಡಾಣ ಅಂತ ಬಂದೆ. ರಸ್ತೇನೂ ಕಪ್ಪು, ಕಾರೂ ಕಪ್ಪು — ತಿರುವೇ ಕಾಣ್ದು! ಬಿಚ್ಚಿ ಕುರ್ಚಿ ಮೇಲಿಟ್ಟೆ. ಆಟದ ಭರದಲ್ಲಿ ಅದರ ಮೇಲೇ ಕೂತ್ಬುಟ್ಟೆ. ಪಟಾರ್ ಅಂತು. ನಾಚ್ಕೆಯಾಗಿ ಮೈದಾ ಮೂಟೆ ಹಿಂದೆ ಅವಿತಿಟ್ಟೆ."

ಮೊದಲು ನಕ್ಕವನು ಪುಟ್ಟಬಸಪ್ಪ. ಆಮೇಲೆ ಅಣ್ಣ. ಕೋಮಲಳ ಸಿಟ್ಟೂ ಇಳಿದು ನಗು ಬಂತು.

"ಮೈಸೂರಿಗೆ ನಾನೇ ಓಯ್ತೀನಿ," ಶಿವರುದ್ರಸ್ವಾಮಿ ಟವೆಲು ಕೊಡವಿದರು. "ಆ ಜಾಗ ನಿಂದೇ. ಯಾವ ಬಣ್ಣ ತರ್ಲಿ? ನೀನೇ ಏಳು."

"ಹೊಗೆಬಣ್ಣ. ಬೆಳಕು ಕಮ್ಮಿ ಮಾಡುತ್ತೆ, ಬಣ್ಣ ಕೆಡಿಸೋಲ್ಲ. ಬಸಪ್ಪಣ್ಣ, ನಿನ್ನ ಪಾಲಿಶ್‌ಗೆ?"

"ಒಪ್ತದೆ ಕಣವ್ವ!"

ಮರುದಿನ ಬೇಕರಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಹನೂರಿನ ಬಸ್ಸಿಗೆ ಕಾಯುತ್ತಿದ್ದ ಅಂಗಡಿಯವರೊಬ್ಬರು ಬಗ್ಗಿ ನೋಡಿ, "ಇದ ಯಾರು ಮಾಡಿದ್ದು? ನಮ್ಮಂಗಡಿಗೂ ಒಂದು ಬೇಕಲ್ಲ!" ಎಂದರು.

"ನಾನೇ," ಎಂದ ಕೋಮಲ, ಪುಟ್ಟಬಸಪ್ಪನ ಕಡೆ ತಿರುಗಿ ಅಳತೆ ಟೇಪು ಕೇಳಿದಳು.