ಐದರಲ್ಲಿ ಉಳಿದ ಒಂದು ಕೌದಿ

ತೀರಿಕೊಂಡ ತಾಯಿ ಗೋಪಿಕಾಬಾಯಿಯ ಸೀರೆಗಳನ್ನು ಸುಮೇಧಾ ಬಿಸಿಲಿಗೆ ಹಾಕುತ್ತಿದ್ದಳು. ಉಡಲಿಕ್ಕೂ ಆಗದೆ, ಯಾರಿಗೂ ಕೊಡಲಿಕ್ಕೂ ಮನಸ್ಸಾಗದೆ ಟ್ರಂಕಿನಲ್ಲೇ ಉಳಿದಿದ್ದವು ಅವು. ಕೆಲಸ ಅರ್ಧವಾಗಿದ್ದಾಗ ಫೋನ್ ಬಂತು.

"ಅಕ್ಕಾರ, ನನ್ನ ಕೌದಿ ಕಳುವಾಗ್ಯಾವ್ರಿ!"

ಸವಣೂರಿನ ಕುಲಸುಮಬಿ. ಅವಳೂ ಗೆಳತಿ ಗೌಹರಳೂ ಒಂದೇ ಪಡಸಾಲೆಯಲ್ಲಿ ಕೂತು, ಹಳೆ ಸೀರೆಗಳ ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯುವವರು. ಅವನ್ನು ಮಾರುವ ವೆಬ್‌ಸೈಟ್ ಸುಮೇಧಾ ಮತ್ತು ಪಾಲುಗಾರ್ತಿ ಶೀಲಾ ಶಿಗ್ಗಾಂವದಲ್ಲಿ ಕಟ್ಟಿದ್ದು.

"ಮನ್ಯಾಗಿಂದ ಹೋದ್ವೇನು?"

"ಮನ್ಯಾಗ ಅದಾವ್ರಿ. ವೆಬ್‌ಸೈಟಿನ್ಯಾಗಿಲ್ಲ. ಐದರಾಗ ಒಂದ ಕಾಣ್ತದ. ಗೌಹರಂದು ಎಲ್ಲಾ ಅದಾವು. ಇಬ್ಬರದೂ ಫೋಟೊ ಕಳಿಸಾಕಿ ಆಕಿನ. ಇನ್ನ ಆಕಿ ಕೂಡ ಕುಂದ್ರಂಗಿಲ್ಲ ನಾ!"

* * *

ಸುಮೇಧಾ ಕಂಪ್ಯೂಟರ್ ತೆರೆದಳು. ಫೋಟೊಗಳು ಮೊದಲು ಬಂದು ಸೇರುವ ಫೋಲ್ಡರಿನಲ್ಲಿ ಕುಲಸುಮಬಿಯ ಐದೂ ಫೈಲುಗಳಿದ್ದವು. ಅಂದರೆ ಗೌಹರ ಕಳಿಸಿದ್ದಾಳೆ. ಕಳವು ನಡೆದದ್ದು ಆಮೇಲೆ, ದಾರಿಯಲ್ಲಿ.

ಆ ದಾರಿ ಎಂದರೆ ಟಾಸ್ಕ್ ರನ್ನರ್. ಒಂದು ಆಜ್ಞೆ ಕೊಟ್ಟರೆ ಜಾವಾಸ್ಕ್ರಿಪ್ಟಿನಲ್ಲಿ ಬರೆದ ಈ ತಂತ್ರಾಂಶ ಫೈಲುಗಳನ್ನು ಸರದಿಯಂತೆ ತಿದ್ದಿ ವೆಬ್‌ಸೈಟಿಗೆ ಸೇರಿಸುತ್ತದೆ. ಹೊಸ ಕೆಲಸ ಬೇಕಾದರೆ ಅದಕ್ಕೆ ಪ್ಲಗಿನ್ ಎಂಬ ಪುಟ್ಟ ತುಣುಕೊಂದನ್ನು ಜೋಡಿಸಬೇಕು.

ಮೊದಲ ಅನುಮಾನ ಚಿತ್ರ ಕುಗ್ಗಿಸುವ ಪ್ಲಗಿನ್ ಮೇಲೆ. ಅದನ್ನು ತೆಗೆದು ಟಾಸ್ಕ್ ರನ್ನರ್ ಓಡಿಸಿದಳು. ಒಂದೇ ಕೌದಿ. ಹೆಸರು ಬದಲಿಸುವ ಪ್ಲಗಿನ್ ತೆಗೆದಳು. ಆಗಲೂ ಒಂದೇ.

ಬೇಸತ್ತು ಅಂಗಳಕ್ಕೆ ಬಂದಳು. ಇನ್ನೂ ಬಿಸಿಲಿಗೆ ಹಾಕದ ಸೀರೆಗಳು ಟ್ರಂಕಿನಲ್ಲಿ ಸಾಲಾಗಿದ್ದವು. ತಾಯಿ ಒಂದೊಂದನ್ನೂ ಬಿಳಿ ಪಂಚೆಯಲ್ಲಿ ಸುತ್ತಿಟ್ಟಿದ್ದಳು. ಬಿಚ್ಚದೆ ಯಾವುದು ಯಾವ ಸೀರೆ ಎಂದು ಹೇಳುವಂತಿಲ್ಲ.

ಸುಮೇಧಾ ಒಳಗೆ ಓಡಿದಳು. ಫೈಲಿನ ಹೆಸರಷ್ಟೇ ನೋಡಿ ಎಣಿಸಿದ್ದ ಕುಲಸುಮಬಿಯ ಫೋಟೊಗಳನ್ನು ಈಗ ತೆರೆದು ನೋಡಿದಳು. ಅದೇ ಮಂಚ, ಅದೇ ಮಡಿಕೆ. ಐದರಲ್ಲೂ ಚಿತ್ತಾರದ ಮುಖ ಒಳಗೆ, ಹಿಂಬದಿಯ ಬಿಳಿ ಅಸ್ತರವೇ ಮೇಲೆ.

* * *

ಶೀಲಾ ಮನೆಗೆ ಬಂದಾಗ ಸುಮೇಧಾ ಕಳವಿನ ಸುದ್ದಿ ಹೇಳಿ ಕೇಳಿದಳು. "ಶೀಲಾ, ಹೋದ ವಾರ ನೀ ಹೊಸ ಪ್ಲಗಿನ್ ಹಾಕಿದ್ದಿ ಹೌದಿಲ್ಲೊ?"

"ಹೂಂ. ಗೌಹರ ಒಂದ ಫೋಟೊ ಹತ್ತ ಸಲ ಕಳಸ್ತಾಳ. ನೀನು ಕುಂತು ಆರಸ್ತಿ. ನಿನಗ ತ್ರಾಸ ಬ್ಯಾಡಂತ ಬರದೆ. ಒಂದ ಥರಾ ಇದ್ದದ್ರಾಗ ಒಂದ ಉಳಿಸ್ತದ, ಬಾಕಿ ತಗೀತದ." ಶೀಲಾಳ ಕೈ ಬಾಯಿಗೆ ಹೋಯಿತು. "ಅಯ್ಯ! ಕಳ್ಳಿ ನಾನ ಏನ?"

"ಅರ್ಧ ಕಳ್ಳಿ. ಇನ್ನರ್ಧ ಸವಣೂರಾಗದಾಳ."

ಫೋನಿನಲ್ಲಿ ಇಬ್ಬರು ಗೆಳತಿಯರನ್ನೂ ಕೂಡಿಸಿ ಸುಮೇಧಾ ಎಲ್ಲ ಬಿಡಿಸಿ ಹೇಳಿದಳು. "ಕುಲಸುಮಬಿ, ಕೌದಿ ಮುಖ ಯಾಕ ಮುಚ್ಚಿದ್ರಿ?"

"ಮಾರೂತನಕ ತೋರಿಸಿದ್ರ ದೃಷ್ಟಿ ಆಗ್ತದ್ರಿ ಅಕ್ಕಾರ."

"ನನ್ನ ಕಳ್ಳಿ ಅಂದಾಗ ದೃಷ್ಟಿ ಆಗಲಿಲ್ಲೇನು?" ಎಂದಳು ಗೌಹರ.

ಕುಲಸುಮಬಿಯ ದನಿ ಇಳಿಯಿತು.

"ತಪ್ಪಾತವಾ. ಒಂದು ಮೂಲಿ ಅಷ್ಟ ಸರಿಸಿ ಮುಖ ತೋರಸ್ತೇನಿ. ನೀನ ಫೋಟೊ ತಗಿ."

"ತಗೀತೇನಿ. ಮೊದ್ಲ ಚಾ ಇಡು."

ಶೀಲಾ ಪ್ಲಗಿನ್ ಅಳಿಸಲು ಹೊರಟಳು. ಸುಮೇಧಾ ತಡೆದಳು. "ಇರ್ಲಿ ಬಿಡ. ಒಂದ ಥರಾ ಕಂಡ್ರ ತಗೀಬ್ಯಾಡ, ಮೊದ್ಲ ಕೇಳು ಅಂತ ಬರಿ."

* * *

ಬಿಸಿಲು ಇಳಿಯಿತು. ಸುಮೇಧಾ ಒಂದು ಪಂಚೆ ಬಿಚ್ಚಿದಳು. ತಾಯಿ ನಿತ್ಯ ಉಡುತ್ತಿದ್ದ ಇಳಕಲ್ ಸೀರೆ. ಸೆರಗು ಸವೆದು ಮೆತ್ತಗಾಗಿತ್ತು.

ಉಳಿದವನ್ನೆಲ್ಲ ಟ್ರಂಕಿಗೆ ಸೇರಿಸಿದಳು. ಇದೊಂದನ್ನು ಸವಣೂರಿಗೆ ಒಯ್ಯಲೆಂದು ಒಂದು ಚೀಲದಲ್ಲಿಟ್ಟಳು.

"ಏನದು?" ಎಂದಳು ಶೀಲಾ.

"ಏನಿಲ್ಲ. ಕೌದಿ ಆಗೂತನಕ ತೋರಸಂಗಿಲ್ಲ," ಎಂದು ಸುಮೇಧಾ ಚೀಲದ ಬಾಯಿ ಕಟ್ಟಿದಳು.