ಅಪ್ಪನ ಹೆಸರಿನ ದಂಡ

"ಸತ್ತವರ ಕೇಸು ಎಷ್ಟು ದಿನ ಅಂತ ಎಳೀತೀರಿ? ಸುಮ್ಮನೆ ಸಹಿ ಹಾಕಿ ಮುಗಿಸಿಬಿಡಿ."

ಕೋರ್ಟಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವನ ಮಾತಿದು. ಮೈಮೇಲೆ ಟ್ರಾಫಿಕ್ ಪೊಲೀಸರ ಯೂನಿಫಾರ್ಮು. ಸತ್ತವನ ಮಗಳು ಬುರುಲ್‌ಗೆ ಮೈಯೆಲ್ಲ ಉರಿದುಹೋಯಿತು.

"ನಿಮ್ಮಪ್ಪನ ಮೇಲೆ ಹಾಕಿದ್ದರೆ ಮುಗಿಸ್ತಿದ್ರಾ?"

ಅವನು ತಲೆ ತಗ್ಗಿಸಿದ. ಹೆಸರು ಕುತ್ಮಾನ್. ದಂಡ ಸರಿ ಅಂತ ವಾದಿಸಲು ಇಲಾಖೆ ಕಳಿಸಿದ ಮನುಷ್ಯ.

ಆಗಿದ್ದಿಷ್ಟೇ. ಮಣ್ಣಿಗೆ ಒಯ್ಯುವವರೆಗೆ ಅಪ್ಪನ ಹೆಣ ಇಡಲು, ಅಲ್ಲಿನ ಪದ್ಧತಿಯಂತೆ, ಬಿಷ್ಕೆಕ್‌ನ ಅಪಾರ್ಟ್‌ಮೆಂಟ್ ಅಂಗಳದಲ್ಲಿ ಕಂಬಳಿ ಡೇರೆ ಹಾಕಬೇಕಿತ್ತು. ಅಪ್ಪನ ಕಾರೇ ಅಡ್ಡ ನಿಂತಿತ್ತು. ಯಾರೋ ಕೀಲಿ ಇಸಿದುಕೊಂಡು ಅದನ್ನು ದೊಡ್ಡರಸ್ತೆಗೆ ಒಯ್ದು ನಿಲ್ಲಿಸಿದರು. ಗಸ್ತಿನವರು ಬಂದು ನೋ ಪಾರ್ಕಿಂಗ್ ಅಂತ ದಂಡದ ಚೀಟಿ ಹರಿದರು.

ಯಾರ ಹೆಸರಿಗೆ? ಡೇರೆಯೊಳಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದವನ ಹೆಸರಿಗೆ! ಥೂ.

ಮರಣಪತ್ರ ಕೊಟ್ಟರೆ ಕೇಸು ಮುಚ್ಚುತ್ತೇವೆ ಅಂದರು. ಆದರೆ ಆದೇಶದಲ್ಲಿ ಬರೆಯೋದು 'ತಪ್ಪಿತಸ್ಥ ತೀರಿಕೊಂಡಿದ್ದಾನೆ' ಅಂತ. ತಪ್ಪಿತಸ್ಥನಂತೆ! ಬದುಕಿಡೀ ಟ್ರಾಲಿಬಸ್ ಓಡಿಸಿ, ಯಾರ ಕೈಲೂ ಒಂದು ಮಾತು ಅನ್ನಿಸಿಕೊಳ್ಳದ ಮನುಷ್ಯ. ಆ ಒಂದು ಪದ ತೆಗೆಸೋಕೆ ಬುರುಲ್ ಹೊಲಿಗೆ ಕೆಲಸ ಬಿಟ್ಟು ಅಲೆದಳು.

ಪ್ರತಿ ವಾಯಿದೆಗೂ ಕುತ್ಮಾನ್ ಬರುತ್ತಿದ್ದ. ಚಹಾ ತಂದು ಬೆಂಚಿನ ಮೇಲಿಟ್ಟು ದೂರ ಹೋಗಿ ನಿಲ್ಲುತ್ತಿದ್ದ. ಮೊದಲು ಅವಳು ಮುಟ್ಟಲಿಲ್ಲ. ಆಮೇಲೆ ಚಳಿಗೆ ಸೋತು ಕುಡಿದಳು. ಕೊನೆಕೊನೆಗೆ ಅವನು ಬರೋದು ತಡವಾದರೆ ಕಣ್ಣು ಬಾಗಿಲ ಕಡೆಗೇ...

'ನಾಚಿಕೆ ಇಲ್ಲವಾ ನಿನಗೆ? ಅಪ್ಪನ ವಿರುದ್ಧ ನಿಂತವನು ಇವನು' ಅಂತ ತನಗೆ ತಾನೇ ಬೈದುಕೊಂಡಳು.

ಕೊನೆಯ ವಾಯಿದೆಯ ದಿನ ಜಡ್ಜಮ್ಮ ಕನ್ನಡಕ ತೆಗೆದಿಟ್ಟರು.

"ನೋಡು ತಂಗಿ, ಕಾರು ಅಲ್ಲಿ ನಿಲ್ಲಿಸಿದ್ದು ಯಾರು ಹೇಳು. ದಂಡ ಅವನಿಗೆ ಹೋಗುತ್ತೆ, ನಿಮ್ಮಪ್ಪನ ಹೆಸರು ತೆಗೀತೀನಿ. ಇಲ್ಲಾಂದ್ರೆ ನನ್ನ ಕೈಲಾಗಲ್ಲ."

ಗೊತ್ತಿಲ್ಲ ಅಂದಳು. ಗೊತ್ತಿರೋದಾದರೂ ಹೇಗೆ? ಹೆಂಗಸರು ಪದ್ಧತಿಯಂತೆ ಡೇರೆಯ ಗೋಡೆಗೆ ಮುಖ ಮಾಡಿ ಹಾಡಿ ಅಳುತ್ತ ಕೂತಿದ್ದರು, ಗಂಡಸರು ಅಳೋದು ಬಾಗಿಲಲ್ಲಿ ನಿಂತು. ಹೊರಗಿನ ಗಂಡಸರಲ್ಲಿ ಒಬ್ಬರ ಮುಖವನ್ನೂ ಅವಳು ಕಂಡಿರಲಿಲ್ಲ. ಕೀಲಿ ಯಾರ ಕೈಗೆ ಹೋಯಿತು ಅಂತ ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಿರಲಿಲ್ಲ.

ಮುಗೀತು... ಅಪ್ಪ ತಪ್ಪಿತಸ್ಥನಾಗಿಯೇ ಮಣ್ಣಲ್ಲಿ ಮಲಗಬೇಕು.

"ನಾನು ನಿಲ್ಲಿಸಿದ್ದು."

ಕುತ್ಮಾನ್ ಎದ್ದು ನಿಂತಿದ್ದ.

ಗಸ್ತಿನಲ್ಲಿ ಆ ದಾರಿಯಲ್ಲಿ ಹೋಗುತ್ತಿದ್ದನಂತೆ. ಡೇರೆ ಕಟ್ಟೋಕೆ ಆಳು ಸಾಲದು ಅಂತ ಇಳಿದು, ಕಾರು ತೆಗೆದು, ಬೇಗ ಬಂದು ಬೇರೆ ಕಡೆ ನಿಲ್ಲಿಸೋಣ ಅಂದುಕೊಂಡನಂತೆ. ಆದರೆ ಡೇರೆ ಎದ್ದ ಮೇಲೆ ಒಳಗೆ ಮಗಳು ಅಳೋದು ಕೇಳಿಸಿತು. ಬಾಗಿಲಲ್ಲಿ ನಿಂತು ಅಳೋಕೆ ನಿನಗೊಬ್ಬ ಮಗನಿಲ್ಲವಲ್ಲ ಅಪ್ಪಾ ಅಂತ ಅವಳು ಹಾಡುತ್ತಿದ್ದಳು. ಅವನಿಗೆ ಅಲ್ಲಿಂದ ಕಾಲು ಕೀಳೋಕಾಗಲಿಲ್ಲ. ಡೇರೆಯ ಬಾಗಿಲಿಗೆ ಹೋಗಿ, ಹೆತ್ತ ಮಗನ ಹಾಗೆ 'ನನ್ನಪ್ಪಾ' ಅಂತ ಕೂಗಿ ಅತ್ತ. ಹೆಗಲು ಕೊಟ್ಟ. ಅಷ್ಟೊತ್ತಿಗೆ ಇನ್ನೊಂದು ಗಸ್ತು ಚೀಟಿ ಹರಿದಾಗಿತ್ತು. ಡ್ಯೂಟಿ ಬಿಟ್ಟವನು ಅಂತ ಗೊತ್ತಾದರೆ ನೌಕರಿ ಹೋಗುತ್ತೆ. ಅದಕ್ಕೇ ಬಾಯಿ ಬಿಡಲಿಲ್ಲ.

ಆ ಕೂಗು ಬುರುಲ್‌ಗೂ ಕೇಳಿಸಿತ್ತು. ಯಾರಿರಬಹುದು ಇವನು ಅಂತ ಗೋಡೆಗೆ ಮುಖವಿಟ್ಟೇ ಅಂದುಕೊಂಡಿದ್ದಳು.

ಜಡ್ಜಮ್ಮ ಅಪ್ಪನ ಹೆಸರು ಹೊಡೆದುಹಾಕಿದರು. ಕುತ್ಮಾನ್‌ನ ಹೆಸರು ಬರೆದರು. ಇಲಾಖೆಗೂ ಒಂದು ವರದಿ ಹೋಯಿತು. ಹೆಗಲು ಕೊಟ್ಟವನಿಗೆ ನೌಕರಿ ಇಲ್ಲ. ಚೀಟಿ ಹರಿದವರು ಇವತ್ತೂ ಗಸ್ತಿನಲ್ಲಿದ್ದಾರೆ.

ಅವತ್ತು ಹೊರಗೆ ಮನೆಮನೆಯ ಕಲ್ಲಿದ್ದಲ ಒಲೆಯ ಹೊಗೆಗೆ ಎದುರಿನ ಕಟ್ಟಡವೂ ಕಾಣುತ್ತಿರಲಿಲ್ಲ. ಮೆಟ್ಟಿಲ ಮೇಲೆ ಅವಳು ಅವನನ್ನು ತಡೆದಳು.

"ಇಷ್ಟು ದಿನ ನನ್ನನ್ನ ಅಲೆಸಿದೆ. ಚಹಾ ಕೊಟ್ಟರೆ ಸರಿಹೋಯ್ತಾ?"

"ಇಲ್ಲ. ಹೆದರಿದ್ದೆ ಬುರುಲ್. ನನಗಿದ್ದದ್ದು ಅದೊಂದೇ ಕೆಲಸ."

ಅವಳಿಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ಕೈ ಎತ್ತಿದ್ದೂ ಹೌದು. ಎತ್ತಿದ ಕೈ ಅವನ ಕಾಲರಿನ ಹತ್ತಿರ ಹಾಗೇ ನಿಂತುಬಿಟ್ಟಿತು... ಅವಳು ಅತ್ತಳು.

"ಅಪ್ಪನ ವರ್ಷದ ಊಟಕ್ಕೆ ಬಂದವರಿಗೆ ಬಡಿಸೋಕೆ ಕುದುರೆ ಕೊಯ್ಯಬೇಕು. ಬರ್ತೀಯಾ?"

"ಯಾರಿವನು ಅಂತ ನಿಮ್ಮ ಜನ ಕೇಳಿದರೆ?"

"ನನ್ನನ್ನ ಮದುವೆಯಾಗೋನು ಅಂತೀನಿ. ಆಗಲೂ ಬಾಯಿ ಮುಚ್ಚಿಕೊಂಡು ನಿಂತರೆ ನೋಡು ಮತ್ತೆ."

"ನಿಲ್ಲಲ್ಲ" ಅಂದ ಅವನು.